ತಾಲ್ಲೂಕು ದಾಟಿದ ಬಟ್ಟೆಗಳು

ಇಪ್ಪತ್ತಾರು ವರ್ಷ ಖಾಸಗಿ ಬಸ್ಸಿನಲ್ಲಿ ಕಂಡಕ್ಟರಾಗಿದ್ದವನು ನಾನು. ಬೆಳಗ್ಗೆ ಶಿರಾ ಬಿಟ್ಟರೆ ಬಡವನಹಳ್ಳಿ ಮೇಲೆ ಮಧುಗಿರಿ, ಮಧುಗಿರಿಯಿಂದ ಪಾವಗಡ, ಸಂಜೆ ಅದೇ ದಾರಿಯಲ್ಲಿ ವಾಪಸ್. ಈ ದಾರಿಯಲ್ಲಿ ನನ್ನ ಬಸ್ಸಿಗೆ ಕೋಳಿ ಹತ್ತಿದೆ, ಕುರಿ ಹತ್ತಿದೆ, ಒಮ್ಮೆ ಮದುವೆ ಗಂಡೇ ಬಾಸಿಂಗದ ಸಮೇತ ಹತ್ತಿ ಡ್ರೈವರ್ ಪಕ್ಕ ಕೂತಿದ್ದಾನೆ. ಯಾರಿಗೂ ನಾನು ಸೊಪ್ಪು ಹಾಕಿದವನಲ್ಲ. ಬಾಯಿ ಜೋರು ಅಂತ ಹೆಸರಿತ್ತು. ಇರಲಿ, ಕಂಡಕ್ಟರ್‌ಗೆ ಬಾಯೇ ಬಂಡವಾಳ. ಅಂಥವನು ಒಬ್ಬ ಹೆಂಗಸಿನ ಬಟ್ಟೆ ಗಂಟಿನ ಮುಂದೆ ಸೋತು, ಕೊನೆಗೆ ಆ ಗಂಟು ಹೊರುವವನೇ ಆಗಿಬಿಟ್ಟೆ. ಅದನ್ನು ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ. ಹೆಮ್ಮೆಯಿದೆ.

ಅವರು ಹೋಗಿ ನಾಲ್ಕು ತಿಂಗಳಾಯಿತು. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬಟ್ಟೆ ಕೊಟ್ಟವರ ಹೆಸರನ್ನಾಗಲಿ ತೆಗೆದುಕೊಂಡವರ ಹೆಸರನ್ನಾಗಲಿ ಒಂದು ಚೀಟಿಯ ಮೇಲೂ ಬರೆದಿಡದೆ ಇದ್ದವರು ಅವರು. ನಾನೀಗ ಅವರ ಹೆಸರನ್ನು ಅಚ್ಚು ಹಾಕಿಸಿದರೆ ಎದ್ದು ಬಂದು ಬೈದಾರು. ಮಧುಗಿರಿಯ ಒಂದು ಹೈಸ್ಕೂಲಿನಲ್ಲಿ ಹೊಲಿಗೆ ಕಲಿಸುತ್ತಿದ್ದರು, ರಿಟೈರಾದ ಮೇಲೂ ಊರೆಲ್ಲ ಟೀಚರ್ ಅಂತಲೇ ಕರೆಯುತ್ತಿತ್ತು. ನಾನೂ ಹಾಗೇ ಕರೆಯುತ್ತೇನೆ.

ಮೊದಲ ಸಲ ಕಂಡಿದ್ದು ಮಧುಗಿರಿ ಬಸ್‌ಸ್ಟ್ಯಾಂಡಿನಲ್ಲಿ. ಗಿಡ್ಡಗೆ, ಕಪ್ಪಗೆ ಇದ್ದರು. ಕೊರಳಲ್ಲಿ ಸರ ಇರಬೇಕಾದ ಜಾಗದಲ್ಲಿ ಅಳತೆ ಟೇಪು. ಪಕ್ಕದಲ್ಲಿ ಅವರ ಎದೆಮಟ್ಟದ ಗಂಟು. "ಮೇಲಕ್ಕೆ ಹಾಕ್ಸಮ್ಮ" ಅಂದೆ. "ಮೇಲೆ ಹಾಕಿದ್ರೆ ಮುದುಡುತ್ತೆ. ಇಸ್ತ್ರಿ ಮಾಡಿರೋ ಬಟ್ಟೆ" ಅಂದರು. ಗಂಟಿನ ಸಂದಿಯಿಂದ ಬಣ್ಣ ತಿಳಿಯಾದ ಒಂದು ಅಂಗಿತೋಳು ಇಣುಕುತ್ತಿತ್ತು. "ಹಳೇ ಬಟ್ಟೆ ತಾನೆ, ಮುದುಡಿದ್ರೆ ಏನ್ ಮುಳುಗೋಯ್ತದೆ?" ಅಂದೆ. ಅವರು ಸಿಟ್ಟಾಗಲಿಲ್ಲ. ನನ್ನನ್ನು ಮೇಲಿಂದ ಕೆಳಗೆ ಒಂದು ಸಲ ನೋಡಿ, "ನಿಮ್ಮ ಎಡಭುಜ ಬಲಕ್ಕಿಂತ ಒಂದು ಇಂಚು ಇಳಿದಿದೆ. ಬ್ಯಾಗನ್ನ ದಿನಾ ಒಂದೇ ಕಡೆ ಹಾಕ್ಬೇಡಿ" ಅಂದು, ಪಾವಗಡಕ್ಕೆ ಎರಡು ಟಿಕೆಟ್ ಕೇಳಿದರು. "ಇನ್ನೊಬ್ರೆಲ್ಲಿ?" ಅಂದೆ. ಗಂಟಿನ ಕಡೆ ಕೈ ತೋರಿಸಿದರು.

ಅವತ್ತು ಮಿಡಿಗೇಶಿಯಲ್ಲಿ ಜನ ಒತ್ತರಿಸಿ ಹತ್ತಿದರು. ಒಬ್ಬ ಮುದುಕ ನಿಲ್ಲಲಾರದೆ ತೂಗಾಡುತ್ತಿದ್ದ. ಟೀಚರ್ ಎದ್ದು ತಮ್ಮ ಸೀಟು ಕೊಟ್ಟು, ಪಾವಗಡದವರೆಗೂ ಕಂಬಿ ಹಿಡಿದು ನಿಂತೇ ಬಂದರು. ಗಂಟು ಮಾತ್ರ ಕಿಟಕಿ ಪಕ್ಕ ರಾಜನ ಹಾಗೆ ಕೂತಿತ್ತು. ಇಡೀ ಬಸ್ಸು ನನ್ನ ಮುಖ ನೋಡಿ ನಕ್ಕಿತು. ಮುಂದಿನ ಸಲ ನಾನೇ ಡ್ರೈವರ್ ಹಿಂದಿನ ಜಾಗ ಖಾಲಿ ಮಾಡಿಸಿ, ಗೋಣಿಚೀಲ ಹಾಸಿ ಗಂಟು ಇಡಿಸಿದೆ. ಬ್ಯಾಗನ್ನು ಬಲಭುಜಕ್ಕೂ ಬದಲಾಯಿಸಿದೆ. ಅವರು ಅದನ್ನು ನೋಡಿಯೂ ನೋಡದವರ ಹಾಗೆ ಇದ್ದರು.

ಅವರ ಕೆಲಸದ ರೀತಿಯೇ ಬೇರೆ. ಊರಿನವರು ತಾವು ಹಾಕದೆ ಬಿಟ್ಟ ಬಟ್ಟೆಯನ್ನು ತಂದು ಅವರ ಮನೆಯ ಮುಂದಿನ ಕೋಣೆಯಲ್ಲಿ ಕೊಡಬೇಕು. ಒಗೆಯುವುದು, ಬಿಟ್ಟ ಹೊಲಿಗೆ ಹಾಕುವುದು, ಗುಂಡಿ ಕೂರಿಸುವುದು ಕೊಡುವವರ ಜವಾಬ್ದಾರಿ. ಇಸ್ತ್ರಿ ಮಾತ್ರ ಟೀಚರದ್ದು. ಹಾಗೆ ಬಂದ ಮಧುಗಿರಿಯ ಬಟ್ಟೆ ಮಧುಗಿರಿ ತಾಲ್ಲೂಕಿನಲ್ಲಿ ಯಾರಿಗೂ ಸಿಗುತ್ತಿರಲಿಲ್ಲ. ಅದು ಶಿರಾಕ್ಕೋ ಪಾವಗಡಕ್ಕೋ ಕೊರಟಗೆರೆಗೋ ಹೋಗಬೇಕು. ಶಿರಾದ್ದು ಕೊರಟಗೆರೆಗೆ, ಪಾವಗಡದ್ದು ಮಧುಗಿರಿಗೆ. "ಏನ್ ಟೀಚರ್, ಪಕ್ಕದ ಬೀದೀಲೇ ಬೇಕಾದೋರಿದಾರೆ, ನೀವು ನೋಡಿದ್ರೆ ಬಟ್ಟೆಗೆ ಊರೂರು ತೋರಿಸ್ತಾ ಇದೀರಿ" ಅಂದರೆ, "ತಾಲ್ಲೂಕು ದಾಟ್ಲಿ, ಸುಮ್ನಿರಿ" ಅನ್ನುವರು. ಕಾರಣ ಹೇಳುತ್ತಿರಲಿಲ್ಲ.

ನಾಲ್ಕು ಊರಲ್ಲೂ ಅವರ ಹತ್ತಿರ ಹೊಲಿಗೆ ಕಲಿತ ಹುಡುಗಿಯರ ಟೈಲರ್ ಅಂಗಡಿಗಳಿದ್ದವು. ಗಂಟು ಇಳಿಯುತ್ತಿದ್ದುದು ಅಲ್ಲಿ. ನನ್ನ ದಾರಿಯ ಊರುಗಳಿಗೆ ಅದನ್ನು ಮುಟ್ಟಿಸುವ ಕೆಲಸ ಬರಬರುತ್ತ ನನ್ನದೇ ಆಯಿತು. ಬೇಕಾದವರು ಅಂಗಡಿಗೆ ಬಂದು, ಆರಿಸಿ, ಕನ್ನಡಿ ಮುಂದೆ ಹಿಡಿದು ನೋಡಿ, ಉದ್ದಗಿಡ್ಡ ಸರಿ ಮಾಡಿಸಿಕೊಂಡು, ಕವರಿಗೆ ಹಾಕಿಕೊಂಡು ಹೋಗುವರು. ದಾರಿಯಲ್ಲಿ ನೋಡಿದವರಿಗೆ, ಟೈಲರ್ ಹತ್ತಿರ ಹೊಲಿಸಿಕೊಂಡು ಬರುತ್ತಿದ್ದಾರೆ ಅನ್ನಿಸಬೇಕು, ಅಷ್ಟೆ. ಶಿರಾದ ಅಂಗಡಿಯಾಕೆ ಗಂಟು ಇಳಿಸಿಕೊಳ್ಳುವಾಗಲೆಲ್ಲ, "ಟೀಚರ್‌ಗೆ ಹೇಳಿ ಭಾಯ್, ಬಿಲ್ಕುಲ್ ಫಿಕರ್ ಮಾಡ್ಬೇಡಿ ಅಂತ" ಅನ್ನುವಳು. ನಾನು ಬಂದು ಹೇಳುವೆ. ಟೀಚರ್ ತಪ್ಪದೆ ಫಿಕರ್ ಮಾಡುವರು.

ಕೊಡುವವರಿಗೆ ಅವರೆಂದರೆ ಸ್ವಲ್ಪ ಹೆದರಿಕೆಯೇ. ಒಂದು ದಿನ ನಾನು ಗಂಟು ಒಯ್ಯಲು ಹೋಗಿದ್ದಾಗ ಬ್ಯಾಂಕಿನ ದೊಡ್ಡ ಅಧಿಕಾರಿಯೊಬ್ಬರು ಕಾರಿನ ತುಂಬ ಬಟ್ಟೆ ತಂದಿಳಿಸಿದರು. ಟೀಚರ್ ಕನ್ನಡಕ ಏರಿಸಿ ಒಂದು ಅಂಗಿ ಎತ್ತಿಕೊಂಡರು. ಕಾಲರಿನ ಒಳಗೆ ಬೆವರಿನ ಕಲೆ. ಎರಡು ಗುಂಡಿ ಇರಲಿಲ್ಲ.

"ಇದನ್ನ ಹಾಕ್ಕೊಂಡು ಒಂದ್ಸಲ ಬಸ್‌ಸ್ಟ್ಯಾಂಡ್ ತನಕ ಹೋಗ್ಬರ್ತೀರಾ ಸಾರ್?"

"ಇಂಥದ್ದನ್ನ ಹಾಕ್ಕೊಳಕ್ಕಾಗುತ್ತಾ ಮೇಡಂ? ಅದಕ್ಕೇ ತಾನೆ ಕೊಡ್ತಾ ಇರೋದು."

"ನಿಮಗಾಗದೇ ಇರೋದು ಅವರಿಗೆ ಹೆಂಗಾಗುತ್ತೆ?"

ಅಧಿಕಾರಿ ಮುಖ ಊದಿಸಿಕೊಂಡು, ಬಟ್ಟೆಯನ್ನೆಲ್ಲ ಮತ್ತೆ ಕಾರಿಗೆ ತುಂಬಿಕೊಂಡು ಹೋದರು. ಬರುವ ಬಟ್ಟೆಯನ್ನೂ ಓಡಿಸುತ್ತಾರಲ್ಲ ಈಯಮ್ಮ ಅಂತ ನನಗೆ ಹೊಟ್ಟೆ ಉರಿಯಿತು. ಎಂಟು ದಿನಕ್ಕೆ ಅಧಿಕಾರಿಯ ಹೆಂಡತಿ ಅದೇ ಬಟ್ಟೆಗಳನ್ನು ಒಗೆದು, ಗುಂಡಿ ಹಾಕಿಸಿ, ಮಡಿಸಿ ತಂದುಕೊಟ್ಟರು. ಆಮೇಲೆ ವರ್ಷಕ್ಕೆರಡು ಸಲ ತಪ್ಪದೆ ತರುತ್ತಿದ್ದರು, ಗುಂಡಿ ಎಣಿಸಿಕೊಂಡು.

ಇನ್ನೊಬ್ಬ ಪುಢಾರಿ ತನ್ನ ಹುಟ್ಟುಹಬ್ಬಕ್ಕೆ ಸೀರೆ ಹಂಚುತ್ತೇನೆ, ಫೋಟೊ ತೆಗೆಸುತ್ತೇನೆ, ಹತ್ತು ಜನ ಹೆಂಗಸರನ್ನು ಕರೆಸಿ ಅಂತ ಬಂದ. ಟೀಚರ್ ಕತ್ತರಿ ಕೆಳಗಿಡದೆಯೇ ಕೇಳಿದರು: "ಬಟ್ಟೆ ಬದಲಾಯಿಸೋ ಕೋಣೆಗೆ ಯಾರಾದ್ರೂ ಕ್ಯಾಮೆರಾ ತರ್ತಾರೇನಪ್ಪ?" ಅವನು ತಬ್ಬಿಬ್ಬಾಗಿ ನನ್ನ ಕಡೆ ನೋಡಿದ. ನಾನು ಗಂಟಿನ ಹಿಂದೆ ಬಗ್ಗಿ ನಗು ತಡೆದುಕೊಂಡೆ.

ಅವರು ಖುಷಿಪಟ್ಟಿದ್ದನ್ನು ನೋಡಬೇಕೆಂದರೆ ಪಾವಗಡದ ಅಂಗಡಿಯಲ್ಲಿ ನೋಡಬೇಕಿತ್ತು. ರಾಯಚರ್ಲು ಕಡೆಯಿಂದ ಒಬ್ಬಾಕೆ ಬಂದಿದ್ದಳು, ಸೋಲಾರ್ ಪಾರ್ಕಿನಲ್ಲಿ ಹುಲ್ಲು ಕೀಳುವ ಕೆಲಸದವಳು. ಅಂಗಡಿಯ ಹುಡುಗಿ ಒಂದು ಸೀರೆ ತೋರಿಸಿದಳು. ಆಕೆ "ರಂಗು ಬಾಗುಂದಿ ಕಣಮ್ಮ, ಅಂಚು ವದ್ದು" ಅಂತ ಬಣ್ಣ ಮೆಚ್ಚಿ ಅಂಚು ಬೇಡ ಅಂದಳು. ಹುಡುಗಿ ಎರಡನೆಯದು ತೋರಿಸಿದಳು. "ಇದು ಮುಸಲಮ್ಮಗಳಿಗೆ, ನನಗೇನು ಅಷ್ಟು ವಯಸ್ಸಾಯ್ತಾ?" ಮೂರನೆಯದು, ನಾಲ್ಕನೆಯದು. ಬಸ್ಸು ಹೊರಡುವ ಹೊತ್ತಾಗಿತ್ತು, ನಾನು, "ಲೇ, ಪುಕ್ಕಟೆ ಸಿಗೋದ್ರಲ್ಲಿ ಇಷ್ಟು ಆರಿಸ್ತೀಯಲ್ಲ" ಅಂದುಬಿಟ್ಟೆ. ಟೀಚರ್ ತಿರುಗಿ ನನ್ನನ್ನು ನೋಡಿದ ನೋಟಕ್ಕೆ ನಾನು ಬಾಗಿಲ ಹತ್ತಿರ ಸರಿದೆ. ಆಕೆ ಒಂದನ್ನೂ ಒಪ್ಪದೆ, "ಮುಂದಿನ ಸಲ ಬರ್ತೀನಿ" ಅಂತ ಬರಿಗೈಲಿ ಎದ್ದು ಹೋದಳು. ದಾರಿಯುದ್ದಕ್ಕೂ ಟೀಚರ್ ತಮ್ಮಷ್ಟಕ್ಕೆ ತಾವೇ ನಗುತ್ತಿದ್ದರು. "ನೋಡಿದ್ರಾ, ಅಂಗಡೀಲಿ ಬೇಡ ಅಂದಂಗೇ ಬೇಡ ಅಂದ್ಲು. ಬೇಡ ಅನ್ನೋ ಧೈರ್ಯ ಬಂತಲ್ಲ, ನಂಗಷ್ಟು ಸಾಕು" ಅಂದರು. ಒಬ್ಬರು ಏನನ್ನೂ ತೆಗೆದುಕೊಳ್ಳದೆ ಹೋಗಿದ್ದಕ್ಕೆ ಇಷ್ಟು ಸಂತೋಷಪಟ್ಟವರನ್ನು ನಾನು ಬೇರೆ ಎಲ್ಲೂ ಕಂಡಿಲ್ಲ.

ಹಾಗಂತ ದೇವತೆ ಮಾಡಲು ಹೊರಟಿಲ್ಲ ನಾನು. ಮಹಾ ಹಟದ ಹೆಂಗಸು. ಹೊಗಳಿಕೆ ಅವರ ಬಾಯಿಂದ ಬೀಳಬೇಕಾದರೆ ಹಲ್ಲು ಕೀಳಿಸಿಕೊಂಡಷ್ಟು ಕಷ್ಟ. ಚೆನ್ನಾಗಿ ಹೊಲಿದವಳಿಗೂ "ಹೂಂ, ಕೈ ಐತೆ" ಅನ್ನುವರು, ಅದಕ್ಕಿಂತ ದೊಡ್ಡ ಸರ್ಟಿಫಿಕೇಟು ಇರಲಿಲ್ಲ. ಅವರ ಮನೆಯಲ್ಲಿ ಟೀ ಕೇಳಿದರೆ ಅರ್ಧ ಲೋಟ ಕೊಟ್ಟು, ಬಟ್ಟೆ ಮೇಲೆ ಚೆಲ್ಲಬಾರದಲ್ಲ ಅಂತ ಹೊರಗೆ ನಿಲ್ಲಿಸುವರು. ಎಷ್ಟೋ ಸಲ ಬಿಸಿಲಲ್ಲಿ ನಿಂತು ಆ ಅರ್ಧ ಲೋಟ ಕುಡಿದಿದ್ದೇನೆ.

ಈಗ ನನ್ನ ತಪ್ಪಿಗೆ ಬರುತ್ತೇನೆ. ಅದನ್ನು ಬಿಟ್ಟು ಅವರ ಬಗ್ಗೆ ಬರೆದರೆ ಮೋಸ ಮಾಡಿದಂತೆ.

ಏಳೆಂಟು ವರ್ಷದ ಹಿಂದಿನ ಮಾತು. ಬಡವನಹಳ್ಳಿ ಸ್ಟಾಪಿನಲ್ಲಿ ಸೊಪ್ಪು ಮಾರುವ ಒಬ್ಬಾಕೆ ಇದ್ದಳು. ಅವಳ ಮಗಳು ಮಧುಗಿರಿಯಲ್ಲಿ ಎರಡನೇ ಪಿಯುಸಿ ಓದುತ್ತಿದ್ದಳು. ದಿನಾ ಬೆಳಗ್ಗೆ ನನ್ನ ಬಸ್ಸಿಗೇ ಬಂದು, ಪಾಸ್ ತೋರಿಸಿ, ಹಿಂದಿನ ಬಾಗಿಲ ಹತ್ತಿರ ನಿಂತು ಪುಸ್ತಕ ಓದುವಳು. ಎಷ್ಟು ಕುಲುಕಿದರೂ ಪುಸ್ತಕದಿಂದ ತಲೆ ಎತ್ತುತ್ತಿರಲಿಲ್ಲ. ಒಂದು ಸಂಜೆ ಮಧುಗಿರಿಯ ಬಟ್ಟೆ ಗಂಟು ಶಿರಾಕ್ಕೆ ಹೊರಟಿತ್ತು. ಬಡವನಹಳ್ಳಿಯಲ್ಲಿ ಸೊಪ್ಪಿನಾಕೆ ಕಿಟಕಿ ಹತ್ತಿರ ಬಂದು, "ಕಂಡಕ್ಟ್ರಪ್ಪ, ನಮ್ಮುಡುಗಿ ಎರಡೇ ಜೊತೆ ಬಟ್ಟೆನ ವರ್ಸೆಲ್ಲಾ ಒಗ್ದೊಗ್ದು ಇಕ್ಕೊಂಡೋಯ್ತಾವ್ಳೆ. ಆ ಟೀಚರಮ್ಮನ ಗಂಟಲ್ಲಿ ಏನಾರ ಇದ್ರೆ ನೋಡಪ್ಪ" ಅಂದಳು.

ಅಯ್ಯೋ ಪಾಪ ಅನ್ನಿಸಿತು. ಜೊತೆಗೆ ದೊಡ್ಡತನ ತೋರಿಸುವ ಆಸೆಯೂ ಇತ್ತು, ಸುಳ್ಳು ಯಾಕೆ. ಗಂಟು ಬಿಚ್ಚಿ, ಮೇಲೇ ಇದ್ದ ಸಾಸಿವೆ ಬಣ್ಣದ ಚೂಡಿದಾರವನ್ನು ತೆಗೆದು ಕೊಟ್ಟುಬಿಟ್ಟೆ. ಕಂಡಕ್ಟರ್ ಬುದ್ಧಿ ನೋಡಿ. ಮಧುಗಿರಿಯಿಂದ ಮೂರು ಸ್ಟೇಜ್ ದಾಟಿದೆ, ಬೇರೆ ಊರಾಯಿತಲ್ಲ ಅಂದುಕೊಂಡೆ. ಬಡವನಹಳ್ಳಿಯೂ ಮಧುಗಿರಿ ತಾಲ್ಲೂಕೇ ಅನ್ನುವುದಾಗಲಿ, ಆ ಬಟ್ಟೆ ಬಂದ ಊರಲ್ಲೇ ಆ ಹುಡುಗಿ ಓದುತ್ತಾಳೆ ಅನ್ನುವುದಾಗಲಿ ನನ್ನ ತಲೆಗೆ ಹೊಳೆಯಲೇ ಇಲ್ಲ. ಶಿರಾದವರೆಗೂ ಸಿಳ್ಳೆ ಹಾಕಿಕೊಂಡು ಹೋದೆ.

ಸೋಮವಾರ ಹುಡುಗಿ ಅದನ್ನು ಹಾಕಿಕೊಂಡು ಬಂದಳು. ಚೆನ್ನಾಗಿ ಕಾಣುತ್ತಿದ್ದಳು, ನಾನೇ ಹೊಲಿಸಿಕೊಟ್ಟಷ್ಟು ಜಂಬ ನನಗೆ. ಸಂಜೆ ವಾಪಸ್ಸಾಗುವಾಗ ಬ್ಯಾಗನ್ನು ಎದೆಗೆ ಅವುಚಿಕೊಂಡು, ವೇಲನ್ನು ಮೈತುಂಬ ಸುತ್ತಿಕೊಂಡು, ಮುಖವನ್ನು ಕಿಟಕಿಯ ಕಡೆ ತಿರುಗಿಸಿ ಕೂತಿದ್ದಳು. ಕೈಯಲ್ಲಿ ಪುಸ್ತಕ ಇರಲಿಲ್ಲ. ಮಂಗಳವಾರ ಸ್ಟಾಪಿನಲ್ಲಿ ಅವಳಿಲ್ಲ. ಬುಧವಾರವೂ ಇಲ್ಲ. ಜ್ವರ ಇರಬೇಕು ಅಂದುಕೊಂಡೆ. ಶುಕ್ರವಾರ ತಡೆಯಲಾರದೆ ಅವಳ ತಾಯಿಯನ್ನು ಕೇಳಿದೆ.

"ಜ್ವರನೂ ಇಲ್ಲ ಗಿರನೂ ಇಲ್ಲ ಕಣಪ್ಪ" ಅಂದಳು ಆಕೆ. "ಕ್ಲಾಸಲ್ಲಿ ಒಂದು ಹುಡುಗಿ ಬಂದು, ಇದು ನಂದಲ್ವಾ, ನೋಡು ಇಲ್ಲಿ ಇಂಕು ಬಿದ್ದಿತ್ತು, ನಮ್ಮಮ್ಮ ಕೊಟ್ಬುಟ್ರಾ ಅಂತ ಮೈ ಮುಟ್ಟಿ, ಹಿಂದೆ ಮುಂದೆ ತಿರುಗ್ಸಿ ನೋಡಿದ್ಲಂತೆ. ಎಲ್ಲಾ ನಕ್ರಂತೆ. ಇನ್ನು ಕಾಲೇಜ್ ಮೆಟ್ಲು ಹತ್ತಕಿಲ್ಲ ಅಂತ ಕುಂತವ್ಳೆ. ಅವ್ರಪ್ಪ, ಓದದಿದ್ರೆ ಗಾರ್ಮೆಂಟ್ಸಿಗೆ ನಡಿ ಅಂತಾವ್ನೆ. ಬರೋ ಬುಧವಾರ ಕರ್ಕೊಂಡೋಯ್ತಾನಂತೆ."

ಪರೀಕ್ಷೆಗೆ ಎರಡು ತಿಂಗಳಿತ್ತು. ಆ ಹುಡುಗಿ ಬೇಕಂತ ಅಂದಿರಲಿಕ್ಕಿಲ್ಲ, ತನ್ನ ಬಟ್ಟೆ ಕಂಡ ಖುಷಿಗೆ ಅಂದಿರಬೇಕು. ಆದರೆ ಅಂದಿದ್ದಾಯಿತು. ಅವಳನ್ನು ಅಲ್ಲಿಗೆ ತಂದು ನಿಲ್ಲಿಸಿದವನು ನಾನು.

ಮಧುಗಿರಿಗೆ ಬಂದವನೇ ಟೀಚರ್ ಮನೆಗೆ ಹೋಗಿ ಒಪ್ಪಿಸಿದೆ. ಮಿಷನ್ ತುಳಿಯುತ್ತಿದ್ದವರು ನಿಲ್ಲಿಸಿದರು. ಬೈಯುತ್ತಾರೆ ಅಂತ ಕಾದೆ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. "ಭಾನುವಾರ ನಿಮಗೆ ರಜ ಅಲ್ವಾ? ಬೆಳಗ್ಗೆ ಬನ್ನಿ, ಬಡವನಹಳ್ಳಿಗೆ ಹೋಗೋಣ" ಅಂದರು, ಅಷ್ಟೆ.

ಆ ಭಾನುವಾರ ಬಸ್ಸಿನಲ್ಲಿ, ನಾನೂ ಟಿಕೆಟ್ ತೆಗೆದುಕೊಂಡು ಅವರ ಪಕ್ಕ ಕೂತಿದ್ದಾಗ, ಕೇಳದೆಯೇ ಹೇಳಿದರು. ಚನ್ನರಾಯನದುರ್ಗದ ಹತ್ತಿರದ ಒಂದು ಹಳ್ಳಿ ಅವರದು. ಅಪ್ಪ ಊರ ಗೌಡರ ಮನೆಯಲ್ಲಿ ಆಳು. ಗೌಡರ ಮಗಳ ಹಳೇ ಲಂಗಗಳು ಇವರಿಗೆ ಬರುತ್ತಿದ್ದವು. ಇಬ್ಬರೂ ಒಂದೇ ಸ್ಕೂಲು, ಒಂದೇ ಕ್ಲಾಸು. "ನೆಲದ ಮೇಲೆ ಕೂತ್ರೆ ಅವಳು ಎಲ್ಲರ ಮುಂದೆ, ಲೇ, ಅದು ನಂದು ಕಣೇ, ಮಣ್ಣು ಮಾಡ್ಬ್ಯಾಡ ಅನ್ನೋಳು. ಕೆಟ್ಟೋಳೇನಲ್ಲ. ಅವಳಿಗೆ ಅದು ಅವಳ ಲಂಗಾನೇ. ಒಂದಿನ ಎದ್ದು ಬಂದ್ಬುಟ್ಟೆ. ಒಂದು ವರ್ಷ ಸ್ಕೂಲ್ ಕಡೆ ತಲೆ ಹಾಕ್ಲಿಲ್ಲ" ಅಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಟೇಪನ್ನು ಬೆರಳಿಗೆ ಸುತ್ತುತ್ತ ಬಿಚ್ಚುತ್ತ ಇದ್ದರು. ತಾಲ್ಲೂಕು ಯಾಕೆ ದಾಟಬೇಕು ಅನ್ನುವುದು ನನಗೆ ಅವತ್ತು ತಿಳಿಯಿತು.

ಸೊಪ್ಪಿನಾಕೆಯ ಮನೆ ಎರಡೇ ಅಂಕಣದ್ದು. ಟೀಚರ್ ಜಗಲಿ ಮೇಲೆ ಕೂತರು. ಅವರ ಕೈಯಲ್ಲಿ ಏನೂ ಇರಲಿಲ್ಲ. ಹೊಸದೊಂದು ಜೊತೆ ಬಟ್ಟೆಯನ್ನಾದರೂ ತರುತ್ತಾರೆ ಅಂದುಕೊಂಡಿದ್ದೆ ನಾನು. ಒಳಗಿನಿಂದ ಹುಡುಗಿ ಬರಲಿಲ್ಲ. ತಾಯಿ ಎರಡು ಸಲ ಕೂಗಿದ ಮೇಲೆ ಬಾಗಿಲಿಗೆ ಬಂದು, ಸಾಸಿವೆ ಬಣ್ಣದ ಚೂಡಿದಾರವನ್ನು ಟೀಚರ್ ಪಕ್ಕಕ್ಕೆ ಹಾಕಿ, "ತಗಂಡೋಗಿ" ಅಂದಳು.

"ಇದನ್ನ ಕೇಳಕ್ಕೆ ಬಂದಿಲ್ಲ ಕಣಮ್ಮ" ಅಂದರು ಟೀಚರ್. "ನಿಂದೇನಾದ್ರೂ ಇದ್ರೆ ಕೊಡು ಅಂತ ಕೇಳಕ್ಕೆ ಬಂದೆ."

ಹುಡುಗಿಗೆ ಅರ್ಥವಾಗಲಿಲ್ಲ. ನನಗೂ ಆಗಲಿಲ್ಲ.

"ಕೊರಟಗೆರೆ ಕಡೆ ಒಂದು ಹುಡುಗಿ ಈ ವರ್ಷ ಹೈಸ್ಕೂಲಿಗೆ ಸೇರವ್ಳೆ. ಒಂದೇ ಜೊತೆ ಯೂನಿಫಾರಂ. ನಿನ್ನ ಹಳೇದು ಇಟ್ಟಿದೀಯಾ?"

ತಾಯಿ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದಳು. ಆ ಮನೆಗೆ ಬಂದು ಬಟ್ಟೆ ಕೊಡಿ ಅಂತ ಅದುವರೆಗೆ ಯಾರೂ ಕೇಳಿರಲಿಲ್ಲ. ಹುಡುಗಿ ಒಳಗೆ ಹೋಗಿ, ಟ್ರಂಕಿನಿಂದ ತನ್ನ ಹೈಸ್ಕೂಲಿನ ಯೂನಿಫಾರಂ ತಂದುಕೊಟ್ಟಳು. ಇನ್ನೇನು, ಟೀಚರ್ ಅದನ್ನು ಎರಡು ಕೈಯಲ್ಲಿ ತಗೊಂಡು ಒಂದು ಒಳ್ಳೆ ಮಾತಾಡುತ್ತಾರೆ ಅಂತ ನಾನು ಕಾದಿದ್ದರೆ, ಅವರು ಕನ್ನಡಕ ಏರಿಸಿ, ಬೆಳಕಿಗೆ ಹಿಡಿದು, ಒಳಗು ಹೊರಗು ಮಾಡಿ ನೋಡಿದರು.

"ಕಂಕುಳ ಹತ್ರ ಹೊಲಿಗೆ ಬಿಟ್ಟಿದೆ. ಕಾಲರ್ ಕಪ್ಪಗಿದೆ. ಒಂದು ಗುಂಡಿ ಇಲ್ಲ. ಇಂಥದ್ದನ್ನ ನಾನು ತಗೊಳ್ಳಲ್ಲ."

ಕೆಟ್ಟೆವು ಅಂದುಕೊಂಡೆ. ಹುಡುಗಿಯ ಮುಖ ಕೆಂಪಾಯಿತು. "ಇಲ್ದಿರೋರ ಮನೆ ಬಟ್ಟೆ ಇನ್ನೆಂಗಿರ್ತದೆ?" ಅಂದಳು.

"ಬ್ಯಾಂಕಿನ ಸಾಹೇಬ್ರ ಮನೆದೂ ಹಿಂಗೇ ಇತ್ತು. ಅವರಿಗೂ ವಾಪಸ್ ಕೊಟ್ಟೆ. ಬೇಕಾದ್ರೆ ಇವರನ್ನ ಕೇಳು" ಅಂದು ನನ್ನ ಕಡೆ ತೋರಿಸಿದರು. ನಾನು ತಲೆ ಆಡಿಸಿದೆ. "ಹಾಕ್ಕೊಳ್ಳೋ ಹುಡುಗಿನೂ ನಿನ್ನಂಗೆ ಓದೋಳೇ. ಹಿಂಗೇ ಕೊಟ್ರೆ ಅವಳು ನಾಕು ಜನದ ಮುಂದೆ ಹೆಂಗೆ ಕೂತ್ಕೊಬೇಕು? ನೀನೇ ಹೇಳು."

ಟೀಚರ್ ಎದ್ದು, ಯೂನಿಫಾರಂ ಅವಳ ಕೈಗೇ ಕೊಟ್ಟು, "ಮಂಗಳವಾರ ಬೆಳಗ್ಗೆ ಮಧುಗಿರಿಗೆ ನಮ್ಮನೆಗೆ ತಂದ್ಕೊಡು. ಒಂಬತ್ತು ಗಂಟೆ ಮೇಲೆ ನಾನಿರಲ್ಲ" ಅಂದು ಹೊರಟೇಬಿಟ್ಟರು. ಚೂಡಿದಾರವನ್ನು ಮಡಿಸಿ ಕಂಕುಳಲ್ಲಿ ಇಟ್ಟುಕೊಂಡಿದ್ದರು.

ಸೋಮವಾರ ನಾನು ಟಿಕೆಟ್ ತಪ್ಪು ತಪ್ಪಾಗಿ ಕೊಟ್ಟೆ. ಮಂಗಳವಾರ ಬಡವನಹಳ್ಳಿ ಹತ್ತಿರ ಬರುತ್ತಿದ್ದಂತೆ ಫುಟ್‌ಬೋರ್ಡಿನಲ್ಲೇ ನಿಂತಿದ್ದೆ. ದೂರದಿಂದಲೇ ಕಂಡಳು. ಹಳೇ ನೀಲಿ ಬಟ್ಟೆ, ಭುಜದಲ್ಲಿ ಕಾಲೇಜು ಬ್ಯಾಗು, ಕೈಯಲ್ಲಿ ನ್ಯೂಸ್‌ಪೇಪರಿನಲ್ಲಿ ಸುತ್ತಿದ ಪೊಟ್ಟಣ. ಸಿಟ್ಟು ಇಳಿದಿರಲಿಲ್ಲ, ಹತ್ತುವಾಗ ನನ್ನ ಕಡೆ ನೋಡಲೂ ಇಲ್ಲ. ಮಧುಗಿರಿಯಲ್ಲಿ ಡ್ರೈವರ್‌ಗೆ ಹತ್ತು ನಿಮಿಷ ಅಂತ ಹೇಳಿ ನಾನೂ ಅವಳ ಹಿಂದೆ ಹೋದೆ. ಅವನು ಹಾರ್ನ್ ಹೊಡೆದುಕೊಂಡೇ ಇದ್ದ, ಹೊಡೆಯಲಿ ಬಿಡು ಅಂದುಕೊಂಡೆ.

ಟೀಚರ್ ಪೊಟ್ಟಣ ಬಿಚ್ಚಿ ಮತ್ತೆ ಬೆಳಕಿಗೆ ಹಿಡಿದರು. ಕಾಲರ್ ಬೆಳ್ಳಗಾಗಿತ್ತು. ಕಂಕುಳ ಹೊಲಿಗೆ ಕೈಯಲ್ಲೇ ಹಾಕಿದ್ದು, ಒಂದೇ ಸಮ. ಗುಂಡಿಗಳ ಹತ್ತಿರ ಟೀಚರ್ ಬೆರಳು ನಿಂತಿತು. ಕಳೆದುಹೋದ ಗುಂಡಿಗೆ ಅದೇ ನಮೂನೆಯದು ಸಿಕ್ಕಿರಲಿಲ್ಲ. ಹುಡುಗಿ ಕೆಳಗಿನ ಗುಂಡಿಯನ್ನು ಕಿತ್ತು ಮೇಲಕ್ಕೆ ಹಾಕಿ, ಬೇರೆ ನಮೂನೆಯದನ್ನು ಕೆಳಗೆ, ಲಂಗದೊಳಗೆ ಸಿಕ್ಕಿಸಿದರೆ ಕಾಣದ ಜಾಗದಲ್ಲಿ ಹೊಲಿದಿದ್ದಳು.

"ಹೂಂ" ಅಂದರು ಟೀಚರ್. "ಕೈ ಐತೆ."

ಹುಡುಗಿಯ ಮುಖ ಸಡಿಲಾಯಿತು. ಹೋಗದೆ ಬಾಗಿಲಲ್ಲೇ ನಿಂತಿದ್ದು, "ಅವಳು ಮತ್ತೆ ಏನಾದ್ರೂ ಅಂದ್ರೆ ನಾನೇನನ್ಲಿ?" ಅಂತ ಕೇಳಿದಳು.

ಎಲ್ಲದಕ್ಕೂ ಪಟ್ಟಂತ ಉತ್ತರ ಕೊಡುತ್ತಿದ್ದ ಟೀಚರ್ ಆವತ್ತು ತಡವರಿಸಿದ್ದನ್ನು ನಾನು ಕಣ್ಣಾರೆ ಕಂಡೆ. "ನಂಗೂ ಗೊತ್ತಿಲ್ಲ ಕಣೇ" ಅಂದರು. "ನಾನು ಏನೂ ಹೇಳಕ್ಕಾಗ್ದೆ ಎದ್ದು ಬಂದೋಳು. ನಿಂಗೆ ಉತ್ತರ ಸಿಕ್ಕಿದ್ರೆ ಬಂದು ನಂಗೂ ಹೇಳ್ಕೊಡು. ಈಗ ಓಡು, ಬೆಲ್ ಹೊಡೀತಾರೆ."

ಅವಳು ಓಡಿದಳು. ಬುಧವಾರ ಅವಳಪ್ಪ ಗಾರ್ಮೆಂಟ್ಸಿಗೆ ಕರೆದುಕೊಂಡು ಹೋಗಲು ಎದ್ದು ಸಿದ್ಧವಾಗುವ ಹೊತ್ತಿಗೆ ಅವಳು ನನ್ನ ಬಸ್ಸಿನಲ್ಲಿ, ಹಿಂದಿನ ಬಾಗಿಲ ಹತ್ತಿರ ಪುಸ್ತಕ ಹಿಡಿದು ನಿಂತಿದ್ದಳು. ಕಾಲೇಜಿನಲ್ಲಿ ಆಮೇಲೆ ಯಾರೂ ಏನೂ ಅನ್ನಲಿಲ್ಲವಂತೆ. ಪಿಯುಸಿ ಪಾಸಾದಳು, ಡಿಗ್ರಿ ಮಾಡಿದಳು, ಬಿ.ಎಡ್ ಮಾಡಿದಳು. ರಜದಲ್ಲಿ ಟೀಚರ್ ಮನೆಗೆ ಬಂದು ಇಸ್ತ್ರಿ ಮಾಡಿಕೊಡುವಳು. ಈಗ ಪಾವಗಡ ಕಡೆಯ ಒಂದು ಸರ್ಕಾರಿ ಶಾಲೆಯಲ್ಲಿ ಪಾಠ ಮಾಡುತ್ತಾಳೆ. ನನ್ನ ಸ್ವಂತ ಮಗಳು ಪಾಸಾದಾಗಲೂ ನಾನು ಬಸ್ಸಿನ ತುಂಬ ಸ್ವೀಟ್ ಹಂಚಿರಲಿಲ್ಲ. ಇವಳಿಗೆ ಹಂಚಿದೆ.

ಟೀಚರ್ ಹೋದಾಗ ನಾಲ್ಕೂ ಊರಿನ ಜನ ಬಂದಿದ್ದರು. ಅವರ ಮನೆಯವರು ಬೌದ್ಧರು. ಬುದ್ಧನ ಪಟದ ಮುಂದೆ ದೀಪ ಹಚ್ಚಿ, ಬಂದವರೆಲ್ಲ ನಾಲ್ಕು ಮಾತಾಡಿದರು. ಮೂರನೇ ದಿನ ಎಲ್ಲ ಮುಗಿದ ಮೇಲೆ ಅವರ ತಮ್ಮನ ಮಗಳು ಬೀರು ತೆಗೆದು, "ಅತ್ತೆ ಸೀರೆಗಳನ್ನ ಏನ್ ಮಾಡೋಣ?" ಅಂತ ನನ್ನನ್ನು ಕೇಳಿದಳು. ಆರೇ ಆರು ಸೀರೆ. ಎಲ್ಲ ಕಾಟನ್. ಅಂಚು ಸವೆದಾಗ ಕೆಳಗೆ ಬೇರೆ ಬಣ್ಣದ ಪಟ್ಟಿ ಕೂಡಿಸಿ ಹೊಲಿದುಕೊಂಡು ಉಡುತ್ತಿದ್ದರು. ಹಾಗೆ ಉಡುವವರು ಸುತ್ತಮುತ್ತ ಬೇರೆ ಯಾರೂ ಇರಲಿಲ್ಲ, ಆ ಪಟ್ಟಿ ಕಂಡರೆ ಸಾಕು, ಟೀಚರ್ ಬಂದರು ಅಂತ ತಿಳಿಯುತ್ತಿತ್ತು.

ನನಗೆ ದಿಕ್ಕು ತೋಚಲಿಲ್ಲ. ಅವರ ಸೀರೆಯನ್ನು ಯಾವ ತಾಲ್ಲೂಕು ದಾಟಿಸಲಿ? ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ಎಲ್ಲಿ ಕೊಟ್ಟರೂ ಗುರುತು ಹಿಡಿಯುತ್ತಾರೆ. ಆಂಧ್ರದ ಕಡೆ ಕಳಿಸೋಣ, ಹಿಂದೂಪುರಕ್ಕೆ ಅಂದೆ.

"ಬೇಡ ಮಾಮ" ಅಂದಳು ಹಿಂದಿನಿಂದ ಬಡವನಹಳ್ಳಿಯ ಹುಡುಗಿ. ಬೀರುವಿನಿಂದ ನೇರಳೆ ಬಣ್ಣದ ಒಂದು ಸೀರೆ ತೆಗೆದು, ಹಳದಿ ಪಟ್ಟಿಯ ಹೊಲಿಗೆಯನ್ನು ಬೆರಳಲ್ಲಿ ಸವರಿ ನೋಡಿ, ಮಡಿಸಿ ಬ್ಯಾಗಿಗೆ ಹಾಕಿಕೊಂಡಳು. ಉಳಿದ ಐದನ್ನು ಅವರ ಹತ್ತಿರ ಹೊಲಿಗೆ ಕಲಿತವರು ಅಲ್ಲೇ ಕೇಳಿ ತೆಗೆದುಕೊಂಡರು. ನನಗೆ ಒಪ್ಪಿಗೆಯಾಗಲಿಲ್ಲ. ಟೀಚರ್ ಜೀವಮಾನವೆಲ್ಲ ಕಾಪಾಡಿಕೊಂಡು ಬಂದಿದ್ದನ್ನು ಮೂರೇ ದಿನಕ್ಕೆ ಮುರಿದರಲ್ಲ ಅಂತ ಒಳಗೊಳಗೇ ಗೊಣಗಿಕೊಂಡೆ.

ಹೋದ ವಾರ ಏನೋ ಕೆಲಸಕ್ಕೆ ಪಾವಗಡಕ್ಕೆ ಹೊರಟಿದ್ದೆ. ಈಗ ನಾನೂ ಎಲ್ಲರ ಹಾಗೆ ಸೀಟು ಹುಡುಕುವ ಪ್ರಯಾಣಿಕ. ಮಧುಗಿರಿಯಲ್ಲಿ ಆ ಹುಡುಗಿಯೂ ಹತ್ತಿದಳು, ಶಾಲೆಗೆ ಹೊರಟಿದ್ದಳು, ನೇರಳೆ ಸೀರೆ ಉಟ್ಟಿದ್ದಳು. ನನಗೆ ನಮಸ್ಕಾರ ಹೇಳಿ ಮುಂದಿನ ಸೀಟಿನಲ್ಲಿ ಕೂತಳು. ಅವಳ ಪಕ್ಕದಲ್ಲಿದ್ದ ರಾಯಚರ್ಲು ಕಡೆಯ ಅಜ್ಜಿಯೊಬ್ಬಳು ಸೀರೆಯನ್ನೇ ನೋಡುತ್ತಿದ್ದಳು. ಹಿಡಿದಳಪ್ಪ ಗುರುತು ಅಂದುಕೊಂಡೆ.

"ಏಮ್ಮಾ, ಇದಿ ಮಧುಗಿರಿ ಟೀಚರಮ್ಮನ ಸೀರೆ ಕದಾ?" ಅಂದಳು ಅಜ್ಜಿ. ಕಿವಿ ಮಂದ ಇರಬೇಕು, ಬಸ್ಸಿಗೆಲ್ಲ ಕೇಳುವಷ್ಟು ಜೋರಾಗಿ. ನಾಲ್ಕು ತಲೆಗಳು ತಿರುಗಿದವು.

ಹುಡುಗಿ ಸೆರಗು ಎಳೆದುಕೊಳ್ಳಲಿಲ್ಲ. ಕಿಟಕಿಯ ಕಡೆ ತಿರುಗಲಿಲ್ಲ.

"ಹೂಂ ಕಣಜ್ಜಿ, ಅವರದೇ" ಅಂದಳು, ಅಜ್ಜಿಯಷ್ಟೇ ಜೋರಾಗಿ. "ಅವರು ಉಟ್ಟಿದ್ದು. ಈಗ ನಾನು ಉಡ್ತೀನಿ."

ಎಷ್ಟು ವರ್ಷ ಕಾದ ಉತ್ತರ ಅದು. ಕೇಳಿಸಿಕೊಳ್ಳಬೇಕಾದವರು ಇರಲಿಲ್ಲವಲ್ಲ ಅಂತ ಸಂಕಟವಾಯಿತು, ಅವರ ಪಾಲಿನದನ್ನೂ ಸೇರಿಸಿ ನಾನೇ ಹೆಮ್ಮೆಪಟ್ಟೆ. ಹುಡುಗಿ ಸೆರಗಿನ ತುದಿಯನ್ನು ಎತ್ತಿ ಅಜ್ಜಿಯ ಮಡಿಲಿನ ಮೇಲೆ ಹರಡಿದಳು.

"ಮುಟ್ಟಿ ನೋಡಜ್ಜಿ" ಅಂದಳು.